ಬಿಡುವಿಲ್ಲದ ಮನೆಯ ಬೇಸಿಗೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ರಜೆ ಎಂಬುದು ಎರಡೇ ಅಕ್ಷರದ ಮಾತು. ಆದರೆ ಅದರ ಅರ್ಥ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ತಿಂಗಳ ಸಂಬಳದ ಮನೆಯಲ್ಲಿ ಅದು ಪ್ರವಾಸದ ಹೆಸರು. ಶಾಲೆಯ ಮಕ್ಕಳಿಗೆ ಅದು ಏಪ್ರಿಲ್ ತಿಂಗಳಿನಿಂದ ಮೇ ಕೊನೆಯವರೆಗಿನ ಸ್ವಾತಂತ್ರ್ಯದ ಹೆಸರು. ದಿನಗೂಲಿಯ ಮನೆಯಲ್ಲಾದರೋ ರಜೆಯೆಂದರೆ ಅಂದಿನ ಕೂಲಿ ಇಲ್ಲವೆಂದೇ ಅರ್ಥ. ಹೀಗಿರುವಾಗ, ಬೇಸಿಗೆಯ ಸಂತೋಷಗಳ ವಿಷಯವಾಗಿ ನಾಲ್ಕು ಮಾತು ಬರೆಯಹೊರಟ ನಾನು ಯಾರ ಬೇಸಿಗೆಯನ್ನು ಕುರಿತು ಮಾತಾಡುತ್ತಿದ್ದೇನೆಂದು ಮೊದಲೇ ಹೇಳಿಬಿಡುವುದು ಲೇಸು. ನಾನು ಆಡುವುದು ಬಿಡುವಿಲ್ಲದ ಮನೆಯ ಮಾತು. ನಮ್ಮ ಕಾಲೇಜಿನ ಹಲವರ ಮನೆಯೂ ಅಂಥದ್ದೇ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದ ಊರು ಬ್ಯಾಡಗಿ. ಈ ಊರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಬಣ್ಣದಲ್ಲಿ ಗಾಢ, ಖಾರದಲ್ಲಿ ಮಿತ ಎಂಬುದು ಅದರ ಕೀರ್ತಿ. ದಿನವಿಡೀ ಅದರಲ್ಲಿ ಕೈಯಾಡಿಸುವವರ ಬೆರಳುಗಳು ಮಾತ್ರ ಈ ಎರಡನೆಯ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ! ಜನವರಿ ಬಂತೆಂದರೆ ಕಾಯಿಯ ಆವಕ ಏರುತ್ತದೆ; ಸೋಮವಾರ, ಗುರುವಾರಗಳಂದು ಪೇಟೆಯ ತುಂಬ ಕೆಂಪು ರಾಶಿಗಳು. ಅಪ್ಪ ಚೀಲ ಹೊರುತ್ತಾನೆ. ಅವ್ವ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಿಲೋ ಲೆಕ್ಕದ ಕೂಲಿಗೆ ಕಾಯಿಯ ತೊಟ್ಟು ಬಿಡಿಸುತ್ತಾಳೆ. ಲೋಕಕ್ಕೆಲ್ಲ ಬೇಸಿಗೆ ಬಿಡುವಿನ ಕಾಲವಾದರೆ ನಮ್ಮ ಮನೆಗೆ ಅದು ಸುಗ್ಗಿಯ ಕಾಲ. ಆಗ ದುಡಿದದ್ದರಲ್ಲಿ ಮಳೆಗಾಲ ಕಳೆಯಬೇಕು. ನನ್ನ ಪರೀಕ್ಷೆಯ ಶುಲ್ಕ, ತಮ್ಮನ ಪುಸ್ತಕ ಎಲ್ಲವೂ ಆ ರಾಶಿಯಿಂದಲೇ ಹುಟ್ಟಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲನೆಯವಳು.

ಇಂಥ ಮನೆಗಳ ಸಂತೋಷದ ಬಗೆಗೆ ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ದುಡಿಯುವವರಿಗೆ ಹಬ್ಬವೇನು, ಹುಣ್ಣಿಮೆಯೇನು, ಮೊದಲು ಹೊಟ್ಟೆ ತುಂಬಲಿ ಎನ್ನುವುದು ಒಂದು. ಸಂತೋಷವೆಂಬುದು ಹಣ ಕೊಟ್ಟು ತರುವ ವಸ್ತು; ಮಕ್ಕಳು ಓದಿ ನೌಕರಿ ಹಿಡಿದ ಮೇಲೆ ಅದೂ ಮನೆಗೆ ಬರುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಹಿರಿಯರ ಮಾತು, ಎರಡನೆಯದು ನಮ್ಮಂಥ ಓದಿದವರ ಮಾತು. ಮೇಲುನೋಟಕ್ಕೆ ಬೇರೆಯಾಗಿ ಕಂಡರೂ ಎರಡರ ತಿರುಳೂ ಒಂದೇ: ಸಂತೋಷಕ್ಕೆ ಇನ್ನೂ ಕಾಲ ಬಂದಿಲ್ಲ! ನನ್ನ ಅಭಿಪ್ರಾಯ ಹೀಗಲ್ಲ. ಬಿಡುವು ಸಿಕ್ಕ ಮೇಲೆ ಸಂತೋಷವೆಂದು ಕಾದರೆ ದುಡಿಯುವ ಮನೆಗೆ ಅದು ದೊರೆಯುವಂತಿಲ್ಲ. ಕೆಲಸವನ್ನು ಹಂಚಿಕೊಂಡ ಮನೆಯಲ್ಲಿ ಕೆಲಸದ ನಡುವೆಯೇ ಬಿಡುವು ಹುಟ್ಟುತ್ತದೆ. ಆ ಬಿಡುವೇ ಸಂತೋಷದ ತಾಯಿಬೇರು. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಶಿಬಿರ.

ಶಿಬಿರ ಎಂದೊಡನೆ ಈಗ ಕಣ್ಣ ಮುಂದೆ ಬರುವುದು ಬಣ್ಣದ ಗುಡಾರ, ನದಿಯ ದಂಡೆ, ತಲೆಗಿಷ್ಟು ಎಂದು ಕಟ್ಟಬೇಕಾದ ಶುಲ್ಕ. ಆದರೆ ಅದರ ಮೂಲ ಹೀಗಿರಲಿಲ್ಲ. 1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರದಲ್ಲಿ ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವವರ ಮಕ್ಕಳೂ ಒಟ್ಟಿಗೆ ಇದ್ದರು. ಸ್ಕೌಟ್ ಚಳವಳಿ ಹುಟ್ಟಿದ್ದು ಅಲ್ಲಿಂದಲೇ. ನಮ್ಮ ನೆರೆಯ ದಾವಣಗೆರೆ ಜಿಲ್ಲೆಯ ಕೊಂಡಜ್ಜಿಯ ಕೆರೆಯ ಬಳಿ ಇರುವ ಸ್ಕೌಟ್ ಶಿಬಿರ ಕೇಂದ್ರ ಆ ಬಳ್ಳಿಯದೇ ಒಂದು ಕುಡಿ. ಇನ್ನು ಬೇಸಿಗೆಯಲ್ಲಿ ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ಸಾಗುವ ಕುರುಬರ ಕುಟುಂಬಗಳನ್ನು ನೋಡಿ: ಕುದುರೆಯ ಬೆನ್ನ ಮೇಲೆ ಗಂಟುಮೂಟೆ, ಅದರ ಮೇಲೆ ಕೋಳಿ, ಅದರ ಪಕ್ಕದಲ್ಲೇ ಕೂಸು! ಅವರು ಅದನ್ನು ಶಿಬಿರವೆಂದು ಕರೆಯುವುದಿಲ್ಲ. ಬದುಕು ಎಂದು ಕರೆಯುತ್ತಾರೆ.

ನಮ್ಮ ಮನೆಯ ಬೇಸಿಗೆಯ ಶಿಬಿರವೂ ಈ ಜಾತಿಯದೇ. ಹಾನಗಲ್ಲ ತಾಲ್ಲೂಕು ಮಾವಿನ ತೋಪುಗಳ ನಾಡು. ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿದವರು ಕಾವಲಿಗೆ ಜನರನ್ನು ಇಡುತ್ತಾರೆ. ಅವ್ವನ ತಂದೆ ಅಂಥ ಒಬ್ಬ ಕಾವಲುಗಾರ. ಕಾಯಿ ಬಲಿಯುವ ಹೊತ್ತಿಗೆ ಅಜ್ಜ ಮತ್ತು ಸೋದರಮಾವ ತೋಪಿನ ನಡುವೆ ಗುಡಿಸಲು ಹಾಕಿ ಹಗಲಿರುಳು ಅಲ್ಲಿಯೇ ಇರುತ್ತಾರೆ. ಶಾಲೆಗೆ ರಜೆ ಬಿಟ್ಟೊಡನೆ ಮೊಮ್ಮಕ್ಕಳೆಲ್ಲ ಅಲ್ಲಿಗೆ ಹಾರುತ್ತಾರೆ. ಮಂಗ ಓಡಿಸುವುದು ಒಬ್ಬನ ಪಾಲು, ಬಾವಿಯಿಂದ ನೀರು ತರುವುದು ಇನ್ನೊಬ್ಬಳ ಪಾಲು, ಗಾಳಿಗೆ ಉದುರಿದ ಕಾಯಿ ಆರಿಸುವುದು ಎಲ್ಲರ ಪಾಲು. ಅಜ್ಜನೇ ರೊಟ್ಟಿ ತಟ್ಟುತ್ತಾನೆ. ತೋಪಿನಲ್ಲಿ ಹೆಂಗಸರಿಲ್ಲದ ಕಾರಣ ಅದು ಹೆಂಗಸರ ಕೆಲಸವೆಂಬ ವಿಚಾರವೇ ಅಲ್ಲಿ ಏಳುವುದಿಲ್ಲ. ಅವನ ರೊಟ್ಟಿಗೆ ಅಂಚು ಸರಿಯಿಲ್ಲ, ಆದರೆ ರುಚಿಗೆ ಕೊರತೆಯಿಲ್ಲ. ರಾತ್ರಿ ಗುಡಿಸಲಿನ ಹೊರಗೆ ಕಂಬಳಿ ಹಾಸಿ ಮಲಗಿದರೆ ಎಲೆಗಳ ನಡುವೆ ನಕ್ಷತ್ರ ಎಣಿಸುವುದೇ ಒಂದು ಆಟ. ಎಣಿಸಿ ಮುಗಿಸಿದವರು ಇದುವರೆಗೆ ಯಾರೂ ಇಲ್ಲ.

ಇದೇ ಪಾಠವನ್ನು ಕಾಲೇಜೂ ನಮಗೆ ಕಲಿಸಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಡಾ. ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರದ ಶಿಕ್ಷಣ ಸಚಿವರಾಗಿದ್ದಾಗ, ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದರ ಏಳು ದಿನಗಳ ವಿಶೇಷ ಶಿಬಿರಕ್ಕೆ ಹೋದವರಿಗೆಲ್ಲ ಗೋಡೆಗೆ ಅಂಟಿಸಿದ ಆ ಪಾಳಿಯ ಪಟ್ಟಿ ನೆನಪಿರಬೇಕು. ಇಂದು ಅಡುಗೆ ಈ ತಂಡ, ಬಡಿಸುವುದು ಆ ತಂಡ, ಪಾತ್ರೆ ಮತ್ತೊಂದು ತಂಡ. ತರಗತಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವ ನಮ್ಮ ಸಹಪಾಠಿ ಸೋದರರು ಅಲ್ಲಿ ಈರುಳ್ಳಿ ಹೆಚ್ಚಿ ಕಣ್ಣೀರಿಟ್ಟರು, ಹಂಡೆ ತಿಕ್ಕಿದರು. ಯಾರ ಮರ್ಯಾದೆಯೂ ಮುಕ್ಕಾಗಲಿಲ್ಲ. ಸಂಜೆ ಕೆಲಸ ಎಲ್ಲರಿಗೂ ಒಟ್ಟಿಗೆ ಮುಗಿಯುತ್ತಿದ್ದುದರಿಂದ ಹಾಡು, ನಾಟಕಗಳಿಗೆ ಎಲ್ಲರೂ ಒಟ್ಟಿಗೆ ಕೂರಬಹುದಾಗಿತ್ತು. ಶಿಬಿರದ ಸಂತೋಷದ ಗುಟ್ಟು ಇಷ್ಟೇ. ಅಲ್ಲಿ ಪಾಳಿ ಉಂಟು. ಮನೆಯಲ್ಲಿ ಪಾಳಿ ಇಲ್ಲ.

ಮನೆಯ ಲೆಕ್ಕವನ್ನು ಸರ್ಕಾರವೇ ಬರೆದಿಟ್ಟಿದೆ. ಕೇಂದ್ರದ ಸಂಖ್ಯಾಶಾಸ್ತ್ರ ಸಚಿವಾಲಯ 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆದರೆ, ಗಂಡಸರು 88 ನಿಮಿಷ ಕಳೆಯುತ್ತಾರೆ. ಈ 88 ನಿಮಿಷವೂ ಕೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಕೈಯನ್ನೇ ಹಾಕದವರು ಈ ಸರಾಸರಿಯೊಳಗೆ ಬರುವುದೇ ಇಲ್ಲ. ನನ್ನ ಅವ್ವನಂಥವರು ಇಷ್ಟು ಕೆಲಸವನ್ನು ಪೇಟೆಯ ದುಡಿಮೆಯ ಹಿಂದೆಯೂ ಮುಂದೆಯೂ ಮಾಡುತ್ತಾರೆ. ಬೇಸಿಗೆ ಬಂತೆಂದರೆ ಶಾವಿಗೆ, ಹಪ್ಪಳ, ಉಪ್ಪಿನಕಾಯಿ ಬೇರೆ. ‘ಬೇಸಿಗೆಯ ಸವಿ’ ಎಂದು ನಾವು ಚಪ್ಪರಿಸುವ ಪ್ರತಿಯೊಂದು ತುತ್ತಿನ ಹಿಂದೆ ಯಾರೋ ಒಬ್ಬಳ ನಿದ್ರೆ ಕಡಿಮೆಯಾಗಿರುತ್ತದೆ.

ಇನ್ನು ಹುಟ್ಟುಹಬ್ಬದ ಮಾತು. ನಮ್ಮ ಕಡೆಯ ಹಿರಿಯರ ಶಾಲಾ ದಾಖಲೆಗಳನ್ನು ತೆರೆದು ನೋಡಿದರೆ ಜೂನ್ 1ರಂದು ಹುಟ್ಟಿದವರ ಸಂಖ್ಯೆ ಕಂಡು ಯಾರಾದರೂ ಬೆರಗಾಗಬೇಕು. ಜೂನ್ ತಿಂಗಳು ಶಾಲೆಗೆ ಸೇರಿಸುವ ಕಾಲ. ತಂದೆತಾಯಿಗಳಿಗೆ ತಾರೀಖು ತಿಳಿಯದು. ಗುರುಗಳು ವಯಸ್ಸಿಗೆ ಸರಿಹೊಂದುವಂತೆ ಜೂನ್ 1 ಎಂದು ಬರೆದು ಮುಗಿಸಿದರು. ನಮ್ಮ ಅಪ್ಪನ ಜನ್ಮದಿನವೂ ಅದೇ, ದೊಡ್ಡಪ್ಪನದೂ ಅದೇ! ಜನನ ಮರಣಗಳ ನೋಂದಣಿಗೆ 1969ರಲ್ಲಿಯೇ ಕಾಯಿದೆ ಬಂದಿದ್ದರೂ ಹಳ್ಳಿಯ ಮನೆಯ ಕತ್ತಲ ಕೋಣೆಯಲ್ಲಿ ಹುಟ್ಟಿದ ಅನೇಕರು ಆ ಪುಸ್ತಕದ ಹೊರಗೇ ಉಳಿದರು. 2023ರ ತಿದ್ದುಪಡಿಯ ತರುವಾಯ ಹುಟ್ಟುವ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಅವರ ಕಥೆ ಬೇರೆ. ಅವ್ವ ಶಾಲೆಗೆ ಹೋಗಲಿಲ್ಲವಾಗಿ ಅವಳಿಗೆ ಜೂನ್ 1 ಸಹ ಸಿಗಲಿಲ್ಲ. ಅವಳ ಆಧಾರ್ ಚೀಟಿಯಲ್ಲಿ ಇರುವುದು ಇಸವಿ ಮಾತ್ರ; ತಿಂಗಳೂ ಇಲ್ಲ, ದಿನವೂ ಇಲ್ಲ.

ಆದರೆ ಅಜ್ಜನಿಗೆ ನೆನಪಿದೆ. ರೋಹಿಣಿ ಮಳೆ ಕೂಡಿದ ಮಾರನೆಯ ದಿನ, ತೋಪಿನಲ್ಲಿ ಕಾಯಿ ಇಳಿಸುತ್ತಿದ್ದಾಗ ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತಂತೆ. ರೋಹಿಣಿ ಕೂಡುವುದು ಮೇ ತಿಂಗಳ ಕೊನೆಯ ವಾರದಲ್ಲಿ. ದಾಖಲೆಗೆ ಇಷ್ಟು ಸಾಲದು. ಹಬ್ಬಕ್ಕೆ ಧಾರಾಳವಾಗಿ ಸಾಕು. ಕಳೆದ ಬೇಸಿಗೆಯಲ್ಲಿ, ಪೇಟೆಯ ಕೆಲಸ ಇಳಿಮುಖವಾದ ಮೇಲೆ, ಅವ್ವನನ್ನು ಎರಡು ದಿನದ ಮಟ್ಟಿಗೆ ತೋಪಿಗೆ ಕರೆದುಕೊಂಡು ಹೋದೆವು. ಬಂದವಳೇ ಸೀರೆಯ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂರಹೋದಳು. ಅಜ್ಜ “ಇದು ನನ್ನ ಒಲೆ, ನೀನು ಆಚೆ ಕೂಡು” ಎಂದ. ಅಪ್ಪ ಮಂಡಕ್ಕಿಯ ಗಿರಮಿಟ್ಟು ಕಲಸಿದ. ಉಪ್ಪು ಎರಡು ಸಲ ಬಿದ್ದಿತ್ತು. ತಮ್ಮ ಹಣ್ಣು ಹಿಂಡಿ ಶೀಕರಣೆ ಮಾಡಿ ಮೊಣಕೈವರೆಗೆ ಬಳಿದುಕೊಂಡ. ನಾನು ಆರತಿ ಬೆಳಗಿದೆ. ಅವ್ವ ಮರಕ್ಕೆ ಒರಗಿ ಕುಳಿತಿದ್ದಳು. ಖಾಲಿಯಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ಒಣ ಎಲೆಯನ್ನು ಎತ್ತಿಕೊಂಡು ಅದರ ತೊಟ್ಟು ಮುರಿಯುತ್ತಿದ್ದಳು. ಅದನ್ನು ಮೊದಲು ಕಂಡವನು ಅಪ್ಪ. ಅವನು ಏನೂ ಹೇಳದೆ ಅವಳ ಕೈಯಿಂದ ಎಲೆಯನ್ನು ತೆಗೆದು ಗಿರಮಿಟ್ಟಿನ ತಟ್ಟೆ ಇಟ್ಟ. ನಾವು ಖರ್ಚು ಮಾಡಿದ್ದು ಬಸ್ಸಿನ ಛಾರ್ಜು ಮತ್ತು ಒಂದು ಸೇರು ಮಂಡಕ್ಕಿ.

ಹುಟ್ಟುಹಬ್ಬ ಪರದೇಶದ ಅನುಕರಣೆಯೆಂದು ಆಕ್ಷೇಪಿಸುವವರು ಉಂಟು. ಅವರಿಗೆ ನನ್ನ ಪ್ರಶ್ನೆ ಇಷ್ಟೇ: ರಾಮನವಮಿ ಯಾವ ದಿನ? ಕೃಷ್ಣಾಷ್ಟಮಿ ಯಾವ ದಿನ? ನಮ್ಮ ತಾಲ್ಲೂಕಿನ ಕಾಗಿನೆಲೆಯೊಡನೆ ಹೆಸರು ಬೆಸೆದುಕೊಂಡಿರುವ ಕನಕದಾಸರ ಜಯಂತಿಗೆ ಸರ್ಕಾರವೇ ರಜೆ ಕೊಡುತ್ತದೆ. ದೇವರಿಗೆ ಹುಟ್ಟಿದ ದಿನ ಉಂಟು, ಮಹಾತ್ಮರಿಗೆ ಉಂಟು. ಹೆತ್ತವಳಿಗೆ ಇದ್ದರೆ ಮಾತ್ರ ಸಂಸ್ಕೃತಿ ಕೆಟ್ಟೀತೆ? ಕೇಕು, ಮೇಣದ ಬತ್ತಿ ಬೇಡವಾದರೆ ಬಿಡೋಣ. ನೀನು ಹುಟ್ಟಿದ್ದು ನಮಗೆ ಒಳ್ಳೆಯದಾಯಿತು ಎಂದು ವರ್ಷಕ್ಕೊಮ್ಮೆ ಹೇಳುವುದನ್ನು ಬಿಡಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಬಡವರ ಸಣ್ಣ ಸಂತೋಷಗಳನ್ನು ಹೊಗಳುವುದೆಂದರೆ ಬಡತನವನ್ನೇ ಹೊಗಳಿದಂತಲ್ಲವೆ? ಅಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇನೆ. ಉರಿಯುವ ಬೆರಳಿನಲ್ಲಿ ಕಾವ್ಯವಿಲ್ಲ. ತಕ್ಕ ಕೂಲಿ, ಕೈಗವಸು, ನೆರಳು, ವಾರಕ್ಕೊಂದು ಕೂಲಿಸಹಿತ ಬಿಡುವು ಇವೆಲ್ಲವೂ ದುಡಿಯುವವರಿಗೆ ಬೇಕು; ಶೀಕರಣೆಯ ಬಟ್ಟಲು ಅವುಗಳಿಗೆ ಬದಲಿಯಲ್ಲ. ಆದರೆ ಅವೆಲ್ಲ ಬರುವವರೆಗೆ ಅವ್ವಂದಿರ ವಯಸ್ಸು ನಿಂತು ಕಾಯುವುದೇ? ಕೂಲಿಯನ್ನು ಹೆಚ್ಚಿಸುವ ಶಕ್ತಿ ಇಂದು ನನ್ನ ಕೈಯಲ್ಲಿಲ್ಲ. ಪಾತ್ರೆಯನ್ನು ತಿಕ್ಕುವ ಶಕ್ತಿ ನನ್ನ ತಮ್ಮನ ಕೈಯಲ್ಲಿ ಖಂಡಿತವಾಗಿಯೂ ಇದೆ.

ಸಹಪಾಠಿಗಳೇ, ಈ ಮಾತು ನಮ್ಮ ವಿದ್ಯೆಗೂ ಸಂಬಂಧಪಟ್ಟಿದೆ. ನಮ್ಮ ಶಿಬಿರಕ್ಕೆ ಹೆಸರು ಕೊಟ್ಟ ಗೆಳತಿಯರಲ್ಲಿ ಕೆಲವರು ಕೊನೆಯ ದಿನ ಬರಲಿಲ್ಲ. ಕಾರಣ ಕೇಳಿದರೆ ಬಂದ ಉತ್ತರ: “ಮನೆಯಲ್ಲಿ ಅಡುಗೆ ಯಾರು ಮಾಡಬೇಕು?” ಅವ್ವನಿಗೆ ಇಲ್ಲದ ಪಾಳಿ ಮಗಳಿಗೆ ಆಸ್ತಿಯಾಗಿ ಬರುತ್ತದೆ. ಇಂದು ಶಿಬಿರ ತಪ್ಪಿಸಿದ ಈ ಪ್ರಶ್ನೆ ನಾಳೆ ಎಂ. ಎ. ತರಗತಿಯನ್ನು ತಪ್ಪಿಸುತ್ತದೆ, ನಾಡಿದ್ದು ನೌಕರಿಯನ್ನು ತಪ್ಪಿಸುತ್ತದೆ. ಬೇಸಿಗೆಯ ಸಣ್ಣ ಸಂತೋಷದ ವಿಷಯವೆಂದು ನಗೆಯಾಡಬಾರದಾದದ್ದು ಇದಕ್ಕಾಗಿಯೇ. ಮನೆಯಲ್ಲಿ ಸುಮ್ಮನೆ ಕೂರುವ ಹಕ್ಕು ಯಾರಿಗುಂಟು ಎಂಬುದರ ಮೇಲೆ, ಮನೆಯಿಂದ ಹೊರಗೆ ಹೋಗುವ ಹಕ್ಕು ಯಾರಿಗುಂಟು ಎಂಬುದು ನಿಂತಿದೆ.

ಆದುದರಿಂದ ಸೋದರರಲ್ಲಿ ಒಂದು ಬೇಡಿಕೆ: ಶಿಬಿರದಲ್ಲಿ ಕಲಿತ ವಿದ್ಯೆಯನ್ನು ಶಿಬಿರದಲ್ಲಿಯೇ ಬಿಟ್ಟು ಬರಬೇಡಿ. ಗುರುಗಳಲ್ಲಿ ಒಂದು ಬಿನ್ನಹ: ವಿದ್ಯಾರ್ಥಿನಿಯ ಹೆಸರು ಶಿಬಿರದ ಪಟ್ಟಿಯಿಂದ ಬಿಟ್ಟುಹೋದಾಗ ಅವಳ ಮನೆಯವರೊಡನೆ ಒಮ್ಮೆ ಮಾತಾಡಿ, ನಮ್ಮ ಮಾತಿಗೆ ಇಲ್ಲದ ಬೆಲೆ ನಿಮ್ಮ ಮಾತಿಗೆ ಆ ಮನೆಗಳಲ್ಲಿ ಇದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಪರೀಕ್ಷೆಗಳು ಸಮೀಪಿಸಿರುತ್ತವೆ, ಅದರ ಹಿಂದೆಯೇ ರಜೆ. ಊರಿಗೆ ಹೋದ ಮೊದಲ ದಿನವೇ ಒಂದು ಹಾಳೆ ತೆಗೆದುಕೊಂಡು ಪಾಳಿಯ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಅದರಲ್ಲಿ ನಿಮ್ಮ ಹೆಸರನ್ನೇ ಮೊದಲು ಬರೆಯಿರಿ. ಹಾಗೆಯೇ ಅವ್ವ ಹುಟ್ಟಿದ್ದು ಯಾವ ಮಳೆಯಲ್ಲಿ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಅದನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳಬೇಕು.