ಎರಡನೇ ಡಿವಿಷನ್ ಆಟಗಾರನ ಎರಡನೇ ಇನಿಂಗ್ಸ್

ಸ್ಪೇನ್‌ನಲ್ಲಿ ಲಾ ಲಿಗಾ ಶುರುವಾಗಿದ್ದು 1929ರಲ್ಲಿ. ಆ ಲೀಗಿನ ಮೊಟ್ಟಮೊದಲ ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಹೆಸರು ಆಂಟೋನಿಯೊ ಎಮೆರಿ, ರಿಯಲ್ ಯೂನಿಯನ್ ತಂಡದವರು. ಗೋಲು ಹೊಡೆದವನ ಹೆಸರು ಎಲ್ಲರೂ ನೆನಪಿಟ್ಟುಕೊಳ್ತಾರೆ. ಬಿಟ್ಟುಕೊಟ್ಟವನ ಪಾಡು ಯಾರಿಗೆ ಬೇಕು ಹೇಳಿ? ನನಗಂತೂ ಆ ಮನೆತನದ ಮೇಲೆ ಅಕ್ಕರೆ ಹುಟ್ಟಿದ್ದೇ ಅಲ್ಲಿಂದ.

ಅವರ ಮಗ ಹುವಾನ್ ಕೂಡ ಗೋಲ್‌ಕೀಪರ್. ಮೊಮ್ಮಗ ಉನಾಯ್ ಎಮೆರಿ, ಎಡಗಾಲಿನ ಮಿಡ್‌ಫೀಲ್ಡರ್. ತನ್ನ ಸೀಮೆಯ ದೊಡ್ಡ ಕ್ಲಬ್ ರಿಯಲ್ ಸೊಸಿಯೆದಾದ್‌ನಲ್ಲಿ ಬೆಳೆದ ಹುಡುಗ. ಆದರೆ ಅಲ್ಲಿ ಅವನಿಗೆ ಸಿಕ್ಕಿದ್ದು ಐದೇ ಲೀಗ್ ಪಂದ್ಯ. ಆಮೇಲೆ ಟೊಲೆಡೊ, ರೇಸಿಂಗ್ ಫೆರೊಲ್, ಲೆಗಾನೆಸ್ ಅಂತ ಎರಡನೇ ಡಿವಿಷನ್‌ನಲ್ಲೇ ವರ್ಷಗಳು ಕಳೆದವು. ಕೊನೆಗೆ ಲೋರ್ಕಾ ಅನ್ನೋ ಊರಿನ ಮೂರನೇ ದರ್ಜೆಯ ತಂಡ. ಅಲ್ಲೇ ಮೊಣಕಾಲು ಕೈಕೊಟ್ಟಿತು. 33ನೇ ವಯಸ್ಸಿಗೆ ಆಟ ಮುಗಿಯಿತು.

2004ರ ಕೊನೆಯಲ್ಲಿ ಅದೇ ಲೋರ್ಕಾ ಕ್ಲಬ್‌ನವರು, ‘ನೀನೇ ಕೋಚ್ ಆಗ್ತೀಯಾ?’ ಅಂತ ಕೇಳಿದರು. ಯೋಚನೆ ಮಾಡಿ ನೋಡಿ, ನಿನ್ನೆವರೆಗೂ ಪಕ್ಕದಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ ಗೆಳೆಯನಿಗೆ ಇವತ್ತು ‘ಈ ವಾರ ನಿನಗೆ ಜಾಗ ಇಲ್ಲ’ ಅಂತ ಹೇಳಬೇಕು. ಟೀಮ್ ಲೀಡ್ ಆದವರಿಗೆ ಈ ಸಂಕಟ ಗೊತ್ತಿರುತ್ತೆ. ಎಮೆರಿ ಒಪ್ಪಿಕೊಂಡರು. ಆರೇಳು ತಿಂಗಳಲ್ಲಿ ತಂಡ ಎರಡನೇ ಡಿವಿಷನ್‌ಗೆ ಏರಿತು. ನಂತರ ಅಲ್ಮೆರಿಯಾ ತಂಡವನ್ನು 2007ರಲ್ಲಿ ಲಾ ಲಿಗಾಕ್ಕೇ ಕರೆದೊಯ್ದರು. ಅಲ್ಲಿಂದ ವೆಲೆನ್ಸಿಯಾ, ಸತತ ಮೂರು ವರ್ಷ ಮೂರನೇ ಸ್ಥಾನ.

ಇವರ ಬಂಡವಾಳ ಒಂದೇ, ತಯಾರಿ. ಎದುರಾಳಿಯ ವಿಡಿಯೊ ನೋಡೋದು, ಮತ್ತೆ ನೋಡೋದು, ಆಟಗಾರರಿಗೆ ತೋರಿಸೋದು. ಒಮ್ಮೆ ಒಬ್ಬ ಆಟಗಾರನಿಗೆ ಪೆನ್‌ಡ್ರೈವ್ ಕೊಟ್ಟು, ಮರುದಿನ ‘ನೋಡಿದೆಯಾ?’ ಅಂದರಂತೆ. ‘ಓ, ನೋಡಿದೆ ಸರ್’ ಅಂದನಂತೆ ಅವನು. ಪೆನ್‌ಡ್ರೈವ್ ಖಾಲಿ ಇತ್ತು!

ಆದರೆ ಏಣಿ ಯಾವಾಗಲೂ ಮೇಲಕ್ಕೇ ಇರಲಿಲ್ಲ. ಮಾಸ್ಕೋದ ಸ್ಪಾರ್ಟಕ್ ಕ್ಲಬ್ 2012ರಲ್ಲಿ ಕೆಲವೇ ತಿಂಗಳಿಗೆ ಮನೆಗೆ ಕಳಿಸಿತು. ಎದ್ದು ಸೆವಿಯಾಗೆ ಬಂದು 2014, 2015, 2016ರಲ್ಲಿ ಸತತ ಮೂರು ಯುರೋಪಾ ಲೀಗ್ ಗೆದ್ದರು. ಆಗ ದುಡ್ಡಿನ ಹೊಳೆ ಹರಿಯುವ ಪ್ಯಾರಿಸ್ ಸೇಂಟ್ ಜರ್ಮೈನ್ ಕರೆಯಿತು. ಅಲ್ಲಿ ಬಾರ್ಸಿಲೋನಾ ವಿರುದ್ಧ ಮೊದಲ ಪಂದ್ಯ 4-0 ಗೆದ್ದು, ಎರಡನೆಯದರಲ್ಲಿ 6-1 ಸೋತು ಹೊರಬಿದ್ದರು. ಮುಂದಿನದು ಲಂಡನ್‌ನ ಆರ್ಸೆನಲ್. ಅಲ್ಲಿ ಸೋಲಿನ ಜತೆ ಇನ್ನೊಂದು ಅವಮಾನ. ಅವರ ‘ಗುಡ್ ಈವನಿಂಗ್’ ‘ಗುಡ್ ಎಬನಿಂಗ್’ ಅಂತ ಕೇಳಿಸುತ್ತೆ ಅಂತ ಜನ ಆಡಿಕೊಂಡು ನಕ್ಕರು. ನಾಲಿಗೆ ಹೊರಳದ್ದಕ್ಕೂ ತಲೆ ಓಡೋದಕ್ಕೂ ಏನು ಸಂಬಂಧವೋ, ನನಗೆ ಇವತ್ತಿಗೂ ತಿಳಿದಿಲ್ಲ. ಮೀಟಿಂಗ್‌ನಲ್ಲಿ ಇಂಗ್ಲಿಷ್ ತಡವರಿಸಿ, ಹೇಳಬೇಕಾದ ಮಾತು ನುಂಗಿಕೊಂಡ ಯಾರಿಗೂ ಆ ನಗು ತಮಾಷೆ ಅನಿಸಲ್ಲ. 2019ರ ನವೆಂಬರ್‌ನಲ್ಲಿ ಆರ್ಸೆನಲ್ ಅವರನ್ನು ತೆಗೆದುಹಾಕಿತು.

ನನಗೆ ಇಷ್ಟವಾದದ್ದು ಇದರ ಮುಂದಿನ ಹೆಜ್ಜೆ. ಅವರು ಒಪ್ಪಿಕೊಂಡಿದ್ದು ವಿಯಾರಿಯಲ್ ತಂಡವನ್ನು. ಐವತ್ತು ಸಾವಿರದಷ್ಟು ಜನರಿರುವ ಊರು. ಕ್ಲಬ್ ಅದುವರೆಗೆ ಒಂದೂ ದೊಡ್ಡ ಕಪ್ ಎತ್ತಿರಲಿಲ್ಲ. ಪ್ಯಾರಿಸ್, ಲಂಡನ್ ಆದ ಮೇಲೆ ಇಲ್ಲಿಗಾ ಅಂತ ಯಾರಿಗಾದರೂ ಅನಿಸಬೇಕು. 2021ರ ಯುರೋಪಾ ಲೀಗ್ ಸೆಮಿಫೈನಲ್‌ನಲ್ಲಿ ಎದುರು ಬಂದದ್ದು ಆರ್ಸೆನಲ್. ಎಮೆರಿ ತಂಡ ಅವರನ್ನು ಹೊರಗಟ್ಟಿತು. ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್. 1-1, ಆಮೇಲೆ ಪೆನಾಲ್ಟಿ. ಒದೆಯಬೇಕಾದ ಎಲ್ಲರೂ ಒದ್ದು ಮುಗಿದು, ಕೊನೆಗೆ ಗೋಲ್‌ಕೀಪರ್‌ಗಳ ಸರದಿ ಬಂತು. ವಿಯಾರಿಯಲ್ ಕೀಪರ್ ಗೋಲು ಹೊಡೆದ, ಎದುರಿನ ಕೀಪರ್ ಒದ್ದದ್ದನ್ನು ತಡೆದ. 11-10. ಗೋಲ್‌ಕೀಪರ್‌ಗಳ ಮನೆಯ ಹುಡುಗನಿಗೆ ಕಪ್ ತಂದುಕೊಟ್ಟವನು ಗೋಲ್‌ಕೀಪರೇ!

ಮುಂದಿನ ವರ್ಷ ಅದೇ ಪುಟ್ಟ ಊರಿನ ತಂಡ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿತು. 2022ರಲ್ಲಿ ಎಮೆರಿ ಮತ್ತೆ ಇಂಗ್ಲೆಂಡಿಗೇ ಹೋದರು, ಪಟ್ಟಿಯ ತಳದಲ್ಲಿ ಒದ್ದಾಡುತ್ತಿದ್ದ ಆಸ್ಟನ್ ವಿಲ್ಲಾಗೆ. ಆ ಸೀಸನ್ 7ನೇ ಸ್ಥಾನ, ಮರುವರ್ಷ 4ನೇ ಸ್ಥಾನ. ಉಚ್ಚಾರಣೆ ಏನೂ ಬದಲಾಗಿರಲಿಲ್ಲ. ನಗುವವರು ಮಾತ್ರ ಕಡಿಮೆಯಾಗಿದ್ದರು.

ದೊಡ್ಡ ಹೆಸರಿನ ಕಡೆಯಿಂದ ಹೊರಬಿದ್ದ ಮೇಲೆ ಚಿಕ್ಕ ಕಡೆ ಹೋಗೋದನ್ನ ನಾವು ‘ಇಳಿಕೆ’ ಅಂತೀವಿ. ಲಿಂಕ್ಡ್‌ಇನ್‌ನಲ್ಲಿ ಹಾಕೋದಕ್ಕೂ ಮುಜುಗರ. ಎಲ್ಲ ಚಿಕ್ಕ ಜಾಗವೂ ಒಳ್ಳೆಯದೇ ಅಂತ ನಾನು ಹೇಳಲ್ಲ. ಸಂಬಳ, ಮನೆ ಸಾಲ, ಇಎಂಐ ನಿಜವಾದ ಲೆಕ್ಕಗಳೇ. ಆದರೆ ಆ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯೂ ಇರಲಿ: ನನಗೆ ಚೆನ್ನಾಗಿ ಬರುವ ಕೆಲಸವನ್ನು ಎಲ್ಲಿ ಮಾಡೋದಕ್ಕೆ ಬಿಡ್ತಾರೆ? ಎಮೆರಿಯ ವಿಡಿಯೊಗಳನ್ನು ಕೂತು ನೋಡುವ ತಾಳ್ಮೆ ವಿಯಾರಿಯಲ್‌ನಲ್ಲಿತ್ತು.

ಅಂದ ಹಾಗೆ, 2021ರಲ್ಲಿ ಎಮೆರಿ ಕುಟುಂಬ ಒಂದು ಹಳೆಯ ಕ್ಲಬ್ಬನ್ನು ಕೊಂಡುಕೊಂಡಿತು. ದೊಡ್ಡದೇನಲ್ಲ, ಕೆಳಗಿನ ಡಿವಿಷನ್‌ನದು. ಹೆಸರು ರಿಯಲ್ ಯೂನಿಯನ್. ಹೌದು, ಅಜ್ಜ ಆ ಮೊದಲ ಗೋಲು ಬಿಟ್ಟುಕೊಟ್ಟ ತಂಡವೇ.