ಅಭಯದಾನದ ಮರುದಿನ

ಮಳೆಗಾಲದ ಸಂಜೆ ಚರಂಡಿಯ ಬದಿಯಲ್ಲಿ ನರಳುವ ನಾಯಿಮರಿಯನ್ನು ಎತ್ತಿಕೊಂಡು ಮನೆಗೆ ತರುವವರು ಇಂದಿಗೂ ಕಡಿಮೆಯಿಲ್ಲ. ಒದ್ದೆ ಮೈಯನ್ನು ಒರೆಸಿ, ಗೋಣಿಯ ಮೇಲೆ ಬೆಚ್ಚಗೆ ಮಲಗಿಸಿ, ಬಟ್ಟಲಲ್ಲಿ ಒಂದಿಷ್ಟು ಆಹಾರವಿಡುವಷ್ಟರಲ್ಲಿ ಮನೆಮಂದಿಯ ಮನಸ್ಸು ಕರಗಿರುತ್ತದೆ. ಪರೀಕ್ಷೆ ಆರಂಭವಾಗುವುದು ಅನಂತರ. ಹಿಂಗಾಲಿನ ಮೂಳೆ ಎಂದೋ ಮುರಿದು ವಕ್ರವಾಗಿ ಕೂಡಿಕೊಂಡಿದೆ, ರಕ್ತದಲ್ಲಿ ಉಣುಗಿನಿಂದ ಬಂದ ಸೋಂಕಿದೆ, ಬದುಕಿದರೂ ಇದು ಕುಂಟುತ್ತಲೇ ಬದುಕಬೇಕು ಎಂದು ಪಶುವೈದ್ಯರು ಹೇಳಿದಾಗ, ಎತ್ತಿ ತಂದ ಕೈಯೇ ಹಿಂಜರಿಯುತ್ತದೆ. ಮೂರು ತಿಂಗಳ ಬಳಿಕವೂ ಆ ಮರಿ ಅದೇ ಮನೆಯಲ್ಲಿದೆಯೇ ಎಂದು ವಿಚಾರಿಸಿದರೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬರುವುದಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಅವುಗಳಲ್ಲಿ ಅಭಯದಾನದ ಹಿರಿಮೆಯನ್ನು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಗಾಯಗೊಂಡ ಜೀವಕ್ಕೆ ಅಭಯವನ್ನು ಒಮ್ಮೆ ಕೊಟ್ಟು ಮುಗಿಸಲಾಗದು. ಅದರ ಹಿಂದೆಯೇ ಔಷಧದಾನವು ಬರುತ್ತದೆ. ಅದು ದಿನಕ್ಕೆರಡು ಬಾರಿ, ವಾರಗಟ್ಟಲೆ, ಕೆಲವೊಮ್ಮೆ ಆ ಪ್ರಾಣಿಯ ಆಯುಷ್ಯ ಮುಗಿಯುವವರೆಗೂ ನಡೆಯಬೇಕಾದದ್ದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಸಾಗುವಂತಿಲ್ಲ. ಆ ಮರಿಯ ಅಸಾತಾ ವೇದನೀಯ ಕರ್ಮ ಉದಯಕ್ಕೆ ಬಂದಿದೆ, ಅದನ್ನು ಅದು ಅನುಭವಿಸಿಯೇ ತೀರಬೇಕು, ನಡುವೆ ಬರಲು ಮನುಷ್ಯರು ಯಾರು ಎಂದು ಕೇಳುವವರುಂಟು. ಶಾಸ್ತ್ರದ ಮಾತಿನಂತೆ ತೋರುವ ಈ ಪ್ರಶ್ನೆ ಬಹುಮಟ್ಟಿಗೆ ಆಲಸ್ಯಕ್ಕೆ ತೊಡಿಸಿದ ಶಾಸ್ತ್ರದ ಉಡುಗೆ. ತನ್ನ ಮಗುವಿಗೆ ಜ್ವರ ಬಂದಾಗ ಯಾರೂ ಕರ್ಮೋದಯವೆಂದು ಸುಮ್ಮನೆ ಕುಳಿತುಕೊಳ್ಳುವುದಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಾತಾ ವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಜೀವಿಗಳ ಮೇಲಿನ ಅನುಕಂಪೆಯನ್ನೇ ಮೊದಲಿಗೆ ಹೆಸರಿಸುತ್ತದೆ. ಮರಿಯ ಕರ್ಮ ಮರಿಯದು, ನಿಜ. ಅದನ್ನು ಕಂಡೂ ಮುಖ ತಿರುಗಿಸಿದವನ ಪರಿಣಾಮ ಮಾತ್ರ ಅವನದೇ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ನಾಯಿ ಸಂಜ್ಞಿ ಪಂಚೇಂದ್ರಿಯ ಜೀವ. ಮನಸ್ಸುಳ್ಳ ತಿರ್ಯಂಚರಿಗೂ ಸಮ್ಯಗ್ದರ್ಶನ ಸಾಧ್ಯವೆಂದು, ಅಣುವ್ರತಗಳವರೆಗೂ ಅವು ಏರಬಲ್ಲವೆಂದು ಆಗಮವು ಒಪ್ಪಿದೆ. ಏಟು ತಿಂದ ಮರಿಯು ಪೊರಕೆಯನ್ನು ಕಂಡೊಡನೆ ಮಂಚದಡಿ ಅಡಗುವುದನ್ನು ನೋಡಿದವರಿಗೆ ಅದರ ಮನಸ್ಸಿನ ಬಗ್ಗೆ ಬೇರೆ ಪ್ರಮಾಣ ಬೇಕಾಗದು.

ಇಂಥ ಮರಿಯನ್ನು ಸಾಕುವ ಕ್ರಮವೇನು? ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಓದಿದರೆ, ಅವು ಪ್ರಾಣಿಗಳನ್ನು ಸಾಕುವವರಿಗಾಗಿಯೇ ಹೇಳಿದಂತಿವೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಕೊಲ್ಲುವುದನ್ನಂತೂ ವ್ರತಿಯು ಮೊದಲೇ ತ್ಯಜಿಸಿರುತ್ತಾನೆ. ಮಲಮೂತ್ರದ ಶಿಸ್ತು ಕಲಿಸಲು ಮರಿಯ ಮೂತಿಗೆ ಬಾರಿಸುವುದು ಅನೇಕ ಮನೆಗಳಲ್ಲಿ ಸಹಜವೆನಿಸಿದೆ. ಸೊಂಟದ ಹಳೆಯ ಪೆಟ್ಟಿನಿಂದ ಮೂತ್ರದ ಹಿಡಿತವನ್ನೇ ಕಳೆದುಕೊಂಡಿರಬಹುದಾದ ಮರಿಗೆ ಅಂಥ ಹೊಡೆತವು ಅರ್ಥವಿಲ್ಲದ ಹಿಂಸೆ. ಅಂದಕ್ಕಾಗಿ ಕಿವಿ, ಬಾಲ ಕತ್ತರಿಸುವುದು ಛೇದ. ಕುಂಟುವ ಮರಿಯನ್ನು ದಿನಕ್ಕೆ ಹತ್ತು ಬಾರಿ ಮಹಡಿಯ ಮೆಟ್ಟಿಲು ಹತ್ತಿಸುವುದು, ನುಣುಪಾದ ನೆಲದ ಮೇಲೆ ಚೆಂಡೆಸೆದು ಓಡಿಸುವುದು ಅತಿಭಾರಾರೋಪಣದ ಸಾಲಿಗೆ ಸೇರಬೇಕು. ಪ್ರೀತಿಯಿಂದ ಅತಿಯಾಗಿ ಉಣಿಸಿ ಕೊಬ್ಬಿಸುವುದೂ ಹಾಗೆಯೇ, ಏಕೆಂದರೆ ವಕ್ರವಾಗಿ ಕೂಡಿದ ಮೂಳೆಯ ಬಳಿಯ ಕೀಲು ಬೇಗ ಸವೆಯುತ್ತದೆ, ದೇಹದ ತೂಕ ಹೆಚ್ಚಿದಷ್ಟೂ ನೋವು ಹೆಚ್ಚುತ್ತದೆ. ನೆಲಕ್ಕೊಂದು ಒರಟು ಚಾಪೆ ಹಾಸಿ ಊಟವನ್ನು ಅಳತೆಯಲ್ಲಿಟ್ಟರೆ ಆ ಕಾಲಿಗೆ ಆಗುವ ಉಪಕಾರ ಸಣ್ಣದಲ್ಲ.

ಬಂಧದ ವಿಷಯ ಮಾತ್ರ ತುಸು ಸೂಕ್ಷ್ಮವಾದದ್ದು. ಶಸ್ತ್ರಚಿಕಿತ್ಸೆಯಾದ ಮರಿಯನ್ನು ವಾರಗಟ್ಟಲೆ ಚಿಕ್ಕ ಜಾಗದಲ್ಲಿಯೇ ಇರಿಸಬೇಕೆಂದು ವೈದ್ಯರು ವಿಧಿಸುತ್ತಾರೆ. ಗೇಟಿನ ಬಳಿ ಗಿಡ್ಡ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕುವುದೂ ಇದೂ ಹೊರನೋಟಕ್ಕೆ ಒಂದೇ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನು ಮುಂದಿಟ್ಟಿರುವುದು ಇಂಥಲ್ಲಿ ದಾರಿ ತೋರಿಸುತ್ತದೆ. ಒಂದು ಕಡೆ ಎಚ್ಚರವಿದೆ, ಇನ್ನೊಂದು ಕಡೆ ಇಲ್ಲ.

ಅದೇ ಅಳತೆಗೋಲಿನಿಂದ ನೋಡಿದರೆ ಸದ್ಭಾವದ ಮನೆಗಳಲ್ಲಿಯೂ ಪ್ರಮಾದ ಕಾಣಿಸುತ್ತದೆ. ಉಣುಗಿನ ಜ್ವರಕ್ಕೆ ಕೊಡುವ ಮಾತ್ರೆಯು ಸಾಮಾನ್ಯವಾಗಿ ನಾಲ್ಕು ವಾರಗಳದ್ದು. ಹತ್ತನೆಯ ದಿನಕ್ಕೆ ಮರಿ ಚುರುಕಾಗಿ ಕುಣಿಯತೊಡಗಿದಾಗ ಮಾತ್ರೆ ನಿಂತುಹೋಗುತ್ತದೆ. ಆರರಿಂದ ಎಂಟು ವಾರಗಳ ವಯಸ್ಸಿಗೆ ಆರಂಭಿಸಿ ಮೂರು ನಾಲ್ಕು ವಾರಗಳಿಗೊಮ್ಮೆ ಪುನರಾವರ್ತಿಸಬೇಕಾದ ಲಸಿಕೆಗಳಲ್ಲಿ ಮೊದಲನೆಯದಷ್ಟೇ ಬೀಳುತ್ತದೆ. ನೋವು ಎಂದು ಮನುಷ್ಯರ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಕೊಡುವವರೂ ಇದ್ದಾರೆ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ಗಳು ನಾಯಿಗಳಿಗೆ ಅಪಾಯಕಾರಿ. ದಯೆಯಿದ್ದರೂ ತಿಳಿವಳಿಕೆ ಇಲ್ಲದಿದ್ದರೆ ಆಗುವ ಕೇಡು ಇದು.

ಶ್ರಾವಕರ ಮನೆಗಳನ್ನು ನಿಜವಾಗಿ ಕಾಡುವ ಸಂಕಟ ಬೇರೊಂದು. ಮರಿಯ ಹೊಟ್ಟೆಯಲ್ಲಿ ಜಂತುಗಳಿರುತ್ತವೆ, ಮೈಮೇಲೆ ಉಣುಗು, ಚಿಗಟಗಳಿರುತ್ತವೆ. ಅವೂ ತ್ರಸ ಜೀವಗಳೇ. ಔಷಧ ಕೊಟ್ಟರೆ ಅವು ಸಾಯುತ್ತವೆ, ಕೊಡದಿದ್ದರೆ ಮರಿ ರಕ್ತಹೀನವಾಗಿ ಸೊರಗುತ್ತದೆ. ಜಂತುಗಳು ಮನೆಯ ಮಕ್ಕಳಿಗೂ ಹರಡಬಲ್ಲವು. ಇದರಲ್ಲಿ ಹಿಂಸೆಯೇ ಇಲ್ಲವೆಂದು ಸಮಾಧಾನ ಮಾಡಿಕೊಳ್ಳುವುದು ಆತ್ಮವಂಚನೆ. ಹಿಂಸೆಗೆ ಹೆದರಿ ಮರಿಯನ್ನು ಮತ್ತೆ ಬೀದಿಗೆ ಬಿಡುವುದು ಅದಕ್ಕಿಂತ ದೊಡ್ಡ ವಂಚನೆ. ಸಂಕಲ್ಪೀ ಹಿಂಸೆಯನ್ನು ಬಿಟ್ಟ ಗೃಹಸ್ಥನಿಗೂ ಆರಂಭದ ಹಿಂಸೆ ಪೂರ್ತಿಯಾಗಿ ತಪ್ಪದು. ಅದನ್ನು ತಗ್ಗಿಸುವ ಯತ್ನಾಚಾರ ಅವನ ಕೈಯಲ್ಲಿದೆ. ಹಾಸಿಗೆಯನ್ನು ಆಗಾಗ ಬಿಸಿಲಿಗೊಡ್ಡಿ ಒಣದಾಗಿಟ್ಟು, ಮೈಯನ್ನು ದಿನವೂ ಬಾಚಿ, ವೈದ್ಯರು ಹೇಳಿದ ಮುಂಜಾಗ್ರತೆಯನ್ನು ಕಾಲಕಾಲಕ್ಕೆ ಪಾಲಿಸಿದರೆ ಅವು ಹೆಚ್ಚುವುದೇ ಇಲ್ಲ, ಮುಂದೆ ನೂರಾರು ಸಾಯುವ ಪ್ರಸಂಗವೂ ಬರುವುದಿಲ್ಲ. ಕೊಡಲೇಬೇಕಾದ ಔಷಧವನ್ನು ಖೇದದಿಂದ ಕೊಟ್ಟು, ಸಂಜೆಯ ಪ್ರತಿಕ್ರಮಣದಲ್ಲಿ ಆ ಜೀವಗಳನ್ನೂ ನೆನೆಯುವ ಮನೆಗಳಿವೆ. ಆ ಖೇದವು ಉಳಿಯಬೇಕಾದದ್ದೇ.

ಆಹಾರದ ಪ್ರಶ್ನೆ ಅಷ್ಟು ಜಟಿಲವಲ್ಲ. ಮಾಂಸವಿಲ್ಲದೆಯೂ ನಾಯಿಯನ್ನು ಸಾಕಬಹುದು, ಆದರೆ ಹಾಲು ಅನ್ನವೊಂದರಿಂದಲೇ ಬೆಳೆಯುವ ಮೂಳೆಗೆ ಬೇಕಾದದ್ದು ದೊರೆಯದು. ವೈದ್ಯರನ್ನು ಕೇಳಿ ಪ್ರೋಟೀನ್, ಕ್ಯಾಲ್ಸಿಯಂಗಳನ್ನು ಹೊಂದಿಸಬೇಕು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳಿಗೆ ಹಾನಿಕರ. ಕಂದಮೂಲಗಳನ್ನು ವರ್ಜಿಸಿದ ಅಡುಗೆಮನೆ ಈ ಮಟ್ಟಿಗೆ ಮರಿಗೂ ಕ್ಷೇಮ. ಪಾಯಸದ ಒಣದ್ರಾಕ್ಷಿಯನ್ನು ಮಾತ್ರ ಅದರಿಂದ ದೂರವಿಡಬೇಕು.

ಎಷ್ಟು ಮಾಡಿದರೂ ಉಳಿಯದ ಮರಿಗಳೂ ಇರುತ್ತವೆ. ಯಜ್ಞಕ್ಕೆಂದಿದ್ದ ಆಹಾರವನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಉಸುರಿದ ಕಥೆ, ಭಾಸ್ಕರ ಕವಿಯು 1424ರಲ್ಲಿ ರಚಿಸಿದ ಜೀವಂಧರ ಚರಿತೆಯ ಮೂಲಕ ಕನ್ನಡಿಗರಿಗೆ ಪರಿಚಿತ. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಕುಮಾರನಿಗೆ ನೆರವಾಯಿತು. ಈ ಕಥೆಯನ್ನು ಮುಂದೊಡ್ಡಿ, ಮಂತ್ರವೊಂದಿದ್ದರೆ ಸಾಕು ಎನ್ನುವವರಿಗೆ ಒಂದು ಮಾತು ಹೇಳಬೇಕು. ಕುಮಾರನ ಮುಂದಿದ್ದದ್ದು ಬದುಕಿಸಲಾಗದ ನಾಯಿ. ಬದುಕಬಲ್ಲ ಮರಿಯ ಮುಂದೆ ಮಂತ್ರವನ್ನಷ್ಟೇ ಹೇಳಿ ಎದ್ದುಹೋಗುವುದಕ್ಕೆ ಆ ಕಥೆಯಲ್ಲಿ ಆಧಾರವಿಲ್ಲ.

ಕೊನೆಯ ಸ್ಥಿತಿಯಲ್ಲಿ ದಯಾಮರಣದ ಚುಚ್ಚುಮದ್ದಿನ ಸಲಹೆ ಬಂದಾಗ ಅನೇಕ ಶ್ರಾವಕರು ಒಪ್ಪುವುದಿಲ್ಲ. ಒಪ್ಪದವರ ಹೊಣೆ ಅಲ್ಲಿಂದ ಹೆಚ್ಚುತ್ತದೆ. ಏಳಲಾಗದ ಮರಿಯ ಮಗ್ಗುಲನ್ನು ಕೆಲವು ಗಂಟೆಗಳಿಗೊಮ್ಮೆ ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ. ನೋವು ಶಮನಕ್ಕೆ ವೈದ್ಯರು ಕೊಟ್ಟ ಮದ್ದು ಹೊತ್ತಿಗೆ ಸರಿಯಾಗಿ ಬೀಳಬೇಕು, ನುಂಗಬಲ್ಲಷ್ಟು ದಿನ ನೀರನ್ನು ತುಸುತುಸುವೇ ಬಾಯಿಗೆ ಬಿಡಬೇಕು. ಕೊಲ್ಲಲು ಒಲ್ಲೆನೆಂದು ಹೇಳಿ ಹಿತ್ತಲಿನ ಮೂಲೆಯಲ್ಲಿ ಅದನ್ನು ಒಂಟಿಯಾಗಿ ಬಿಟ್ಟ ಮನೆಯಲ್ಲಿ ಅಹಿಂಸೆ ಎಲ್ಲಿದೆ? ರಾತ್ರಿ ಎರಡು ಗಂಟೆಗೆ ಎದ್ದು ಅದರ ಮಗ್ಗುಲು ಬದಲಿಸಿ, ಒದ್ದೆಯಾದ ಗೋಣಿಯನ್ನು ತೆಗೆದು ಒಣ ಬಟ್ಟೆ ಹಾಸಿ, ಆಮೇಲೆ ಅದರ ಕಿವಿಯ ಬಳಿ ಬಾಗಿ ನಮಸ್ಕಾರ ಮಂತ್ರವನ್ನು ಹೇಳುವ ಗೃಹಿಣಿಯರಿದ್ದಾರೆ. ಬೆಳಿಗ್ಗೆ ಬಸದಿಯಲ್ಲಿ ಅವರು ಯಾರಿಗೂ ಅದನ್ನು ಹೇಳುವುದಿಲ್ಲ.