ಜಾಣ್ಮೆ ನಿಮ್ಮದು, ಗಂಟು ಯಾರದು?

ನಮ್ಮ ಅಜ್ಜಿಯ ಕಾಲದಲ್ಲಿ ಇಸ್ಪೀಟಾಡುವ ಗಂಡಸು ಕದ್ದು ಆಡುತ್ತಿದ್ದ. ಸೋತು ಬಂದ ರಾತ್ರಿ ಹಿತ್ತಲ ಬಾಗಿಲಿನಿಂದ ಒಳಗೆ ನುಸುಳುತ್ತಿದ್ದ. ಆ ಹಿತ್ತಲ ಬಾಗಿಲಿನಲ್ಲಿ ಒಂದಿಷ್ಟು ನಾಚಿಕೆಯಾದರೂ ಇತ್ತು. ಈಗಿನವನು ಮುಂಬಾಗಿಲಿನಿಂದಲೇ ಬರುತ್ತಾನೆ, ತಲೆಯೆತ್ತಿಕೊಂಡೇ ಬರುತ್ತಾನೆ. ಕೇಳಿದರೆ, "ಇದು ಜೂಜಲ್ಲ ಕಣೇ, ಪೋಕರು. ಕೌಶಲದ ಆಟ. ಹೈಕೋರ್ಟೇ ಹೇಳಿದೆ" ಎನ್ನುತ್ತಾನೆ. ಕೋರ್ಟಿನ ಹೆಸರು ಬಂದ ಮೇಲೆ ಒಗ್ಗರಣೆ ಸೌಟು ಹಿಡಿದು ನಿಂತವಳಿಗೆ ಬಾಯೇ ಕಟ್ಟಿಹೋಗುತ್ತದೆ.

ನನ್ನ ಜಗಳ ಆ ಒಂದು ಪದದೊಂದಿಗೆ. ಕೌಶಲ! ಪೋಕರಿನಲ್ಲಿ ಕೌಶಲವಿಲ್ಲವೆಂದು ನಾನು ವಾದಿಸಲು ಹೊರಟಿಲ್ಲ. ಇದೆ, ಧಾರಾಳವಾಗಿಯೇ ಇದೆ. ಇರುವುದರಿಂದಲೇ ಅದು ಸಂಸಾರಸ್ಥರಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ವಾದ.

ತಿಳಿಯದ್ದನ್ನು ಬೈಯುವುದು ನನಗೆ ಸೇರದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ದಸರಾ ರಜೆಗೆ ಊರಿಗೆ ಬಂದಾಗ, "ಅದೇನು ಆಟವೋ ನಮಗೂ ತೋರಿಸು" ಎಂದೆ. ಹುಡುಗನಿಗೆ ಖುಷಿಯೋ ಖುಷಿ. ನಡುಮನೆಯಲ್ಲಿ ಚಾಪೆ ಹಾಸಿ, ಅವನು, ಅವನ ತಂಗಿ, ನಾನು ಕೂತೆವು. ದುಡ್ಡಿನ ಬದಲು ಡಬ್ಬಿಯಲ್ಲಿದ್ದ ಹುಣಸೆಬೀಜ, ತಲೆಗೆ ನೂರರಂತೆ.

ಆಟ ಕಷ್ಟದ್ದೇನಲ್ಲ. ಒಬ್ಬೊಬ್ಬರಿಗೂ ಎರಡೆರಡು ಎಲೆ, ಬೇರೆಯವರಿಗೆ ಕಾಣದಂತೆ. ಆಮೇಲೆ ನಡುವೆ ಎಲ್ಲರಿಗೂ ಕಾಣುವಂತೆ ಐದು ಎಲೆ: ಮೊದಲು ಮೂರು, ನಂತರ ಒಂದು, ಕೊನೆಗೆ ಇನ್ನೊಂದು. ಕೈಯಲ್ಲಿನ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವರು ಗೆದ್ದಂತೆ. ಪ್ರತಿ ಹಂತದಲ್ಲೂ ಪಣ. ಎದುರಿನವರು ಇಟ್ಟಷ್ಟನ್ನು ನೀವೂ ಇಡಬಹುದು, ಏರಿಸಬಹುದು, ಇಲ್ಲವೇ ಎಲೆ ಮಗುಚಿ ಹಿಂದೆ ಸರಿಯಬಹುದು. ಸರಿದರೆ ಅಲ್ಲಿಯವರೆಗೆ ಇಟ್ಟದ್ದು ಹೋಯಿತು.

ಇದರಲ್ಲಿ 'ನೋ ಲಿಮಿಟ್' ಎಂಬ ಬಗೆಯಲ್ಲಿ ಏರಿಸುವುದಕ್ಕೆ ಮಿತಿಯಿಲ್ಲ. ಎದುರಿಗಿರುವ ರಾಶಿಯನ್ನೆಲ್ಲ ಒಂದೇ ಸಲ ನಡುವೆ ತಳ್ಳಬಹುದು. 'ಕ್ಯಾಶ್ ಗೇಮ್' ಎಂದರೆ ಮೇಜಿನ ಮೇಲಿನ ಬಿಲ್ಲೆಗಳೆಲ್ಲ ನೇರವಾಗಿ ರೊಕ್ಕವೇ. ಪಂದ್ಯಾವಳಿಯಲ್ಲಾದರೆ ಪ್ರವೇಶಕ್ಕೆ ಕಟ್ಟಿದ ಹಣ ಹೋದರೆ ಎದ್ದು ಬರಬೇಕು. ಇಲ್ಲಿ ಹಾಗಲ್ಲ. ಬಿಲ್ಲೆ ಮುಗಿದರೆ ಜೇಬಿಗೆ ಕೈಹಾಕಿ ಮತ್ತೆ ಕೊಳ್ಳಬಹುದು. ಜೇಬು ಮುಗಿದರೆ ಫೋನಿನಲ್ಲಿ ಬ್ಯಾಂಕಿದೆ. ಇದಕ್ಕೆ ಕೊನೆಯೆಂಬುದು ಎಲ್ಲಿ?

ಐದಾರು ಆಟ ಮುಗಿದಿರಬೇಕು. ನಾನು ಎಲೆ ಮಗುಚಿ ನೋಡುತ್ತ ಕೂತಿದ್ದೆ. ತಂಗಿಯ ಕೈಯಲ್ಲಿ ಎರಡು ರಾಜ. ನಡುವೆ ಬಿದ್ದದ್ದು ಆಟೀನು ಒಂಬತ್ತು, ಆಟೀನು ನಾಲ್ಕು, ಇಸ್ಪೀಟು ಎರಡು. ಅವಳು ಇಪ್ಪತ್ತು ಬೀಜ ಇಟ್ಟಳು. ಅಣ್ಣ ಅರೆಗಳಿಗೆ ಅವಳ ಮುಖ ನೋಡಿ ತನ್ನ ರಾಶಿಯನ್ನೆಲ್ಲ ಮುಂದಕ್ಕೆ ತಳ್ಳಿಬಿಟ್ಟ! ಹುಡುಗಿ ಬೆರಳು ಕಚ್ಚಿಕೊಂಡಳು. ಎರಡು ನಿಮಿಷ ಯೋಚಿಸಿ ರಾಜರನ್ನು ಮಗುಚಿಟ್ಟಳು. ಅವನು ನಗುತ್ತ ತನ್ನ ಎಲೆ ತೋರಿಸಿದ: ಆಟೀನು ಗುಲಾಮ, ಆಟೀನು ಹತ್ತು. ಜೋಡಿಯಿಲ್ಲ, ಏನೂ ಇಲ್ಲ. ಬರಿಗೈ!

"ಮೋಸ ಅಲ್ಲ ಚಿಕ್ಕಮ್ಮಾ, ಲೆಕ್ಕ" ಎಂದ. ಇನ್ನೆರಡು ಎಲೆ ಬರುವುದಿತ್ತು. ಅವುಗಳಲ್ಲಿ ಒಂದಾದರೂ ಆಟೀನು ಬಂದಿದ್ದರೆ ಅವನದು ಐದು ಆಟೀನು, ಅವಳ ರಾಜರನ್ನು ಮೀರಿಸುತ್ತಿತ್ತು. ಅದಕ್ಕೆ ನೂರಕ್ಕೆ ಸುಮಾರು 35ರಷ್ಟು ಅವಕಾಶ. ಅವಳು ಹೆದರಿ ಬಿಟ್ಟರೆ ಎಲೆಯೇ ಬೇಕಿಲ್ಲ. ಗೆಲ್ಲಲು ಎರಡು ದಾರಿ. "ಇದಕ್ಕೇ ಕೌಶಲ ಅನ್ನೋದು."

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಕೇಳಿದೆ, "ಅವಳು ಹೆದರುತ್ತಾಳೆಂದು ನಿನಗೆ ಹೇಗೆ ಗೊತ್ತಾಯಿತೋ?" ಅವನೆಂದ, "ಬೀಜ ಮುಗಿದುಬಿಡುತ್ತೆ ಅಂತ ಅವಳಿಗೆ ಆಗಿನಿಂದಲೂ ಚಿಂತೆ. ಎಣಿಸಿ ಎಣಿಸಿ ಇಡುತ್ತಿದ್ದಳು."

ಗೆಳತಿಯರೇ, ಈ ಮಾತನ್ನು ಇನ್ನೊಮ್ಮೆ ಓದಿ. ಕಳೆದುಕೊಳ್ಳಲು ಆಗದವನು ಯಾರು, ಎಷ್ಟನ್ನು ಕಳೆದುಕೊಳ್ಳಲು ಅವನಿಗೆ ಆಗದು ಎಂದು ಅಳೆಯುವುದು ಈ ಆಟದ ಜಾಣ್ಮೆಯ ಒಂದು ದೊಡ್ಡ ಪಾಲು. ಮಿತಿಯಿಲ್ಲದ ಪಣ ಅದಕ್ಕೆ ಒದಗುವ ಆಯುಧ. ನಾಳೆ ಮಗಳ ಫೀಸು ಕಟ್ಟಬೇಕಾದ ಹಣವನ್ನು ಎದುರಿಗಿಟ್ಟುಕೊಂಡು ಕೂತವನ ಭಯ, ಅನುಭವಿಯ ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅಂಥವನು ಒಳ್ಳೆಯ ಎಲೆ ಹಿಡಿದಾಗ ಹೆದರಿ ಬಿಡುತ್ತಾನೆ, ಸೋತದ್ದನ್ನು ಮರಳಿ ಪಡೆಯುವ ಹಟಕ್ಕೆ ಬಿದ್ದು ಕೆಟ್ಟ ಎಲೆಗೆ ಸುರಿಯುತ್ತಾನೆ. ಮನೆಯ ಅಗತ್ಯವೇ ಅವನ ದೌರ್ಬಲ್ಯ, ಆ ದೌರ್ಬಲ್ಯವೇ ಇನ್ನೊಬ್ಬನ ಸಂಪಾದನೆ.

ಬರೀ ಅದೃಷ್ಟದ ಆಟದಲ್ಲಿ ಇವತ್ತು ನೀನು ನಾಳೆ ನಾನು ಎಂದಾದರೂ ಆಗಬಹುದು. ಕೌಶಲದ ಆಟದಲ್ಲಿ ದಿನ ಕಳೆದಷ್ಟೂ ಬಲಹೀನನ ಸೋಲು ಖಚಿತವಾಗುತ್ತ ಹೋಗುತ್ತದೆ. 2019ರಲ್ಲಿ ಪ್ಲೂರಿಬಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಇದೇ ಮಿತಿಯಿಲ್ಲದ ಪೋಕರಿನಲ್ಲಿ ಪಳಗಿದ ವೃತ್ತಿಪರರನ್ನೇ ಮಣಿಸಿತು. ಕೌಶಲಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಾಗಾದರೆ "ಇದು ಕೌಶಲದ ಆಟ" ಎನ್ನುವವನು ಮುಂದಿನ ಪ್ರಶ್ನೆಗೂ ಉತ್ತರಿಸಬೇಕು: ಆ ಮೇಜಿನಲ್ಲಿ ಕುಶಲ ಯಾರು? ಕೇಳಿ ನೋಡಿ, ಪ್ರತಿಯೊಬ್ಬನೂ "ನಾನೇ" ಎನ್ನುತ್ತಾನೆ. ಎಲ್ಲರೂ ಕುಶಲರಾದರೆ ಸೋಲುವವರು ಯಾರ ಮನೆಯವರು?

ಇನ್ನು ಮೇಜಿನ ಒಡೆಯನ ವಿಚಾರ. ಅವನು ಎಲೆ ಹಿಡಿಯುವುದಿಲ್ಲ, ಪ್ರತಿ ಆಟದ ರಾಶಿಯಿಂದ ಒಂದು ಪಾಲು ಎತ್ತಿಕೊಳ್ಳುತ್ತಾನೆ, ಅಷ್ಟೇ. ಒಂದು ಲೆಕ್ಕ ಹಾಕೋಣ. ಒಂಬತ್ತು ಜನ ತಲೆಗೆ 10,000 ತಂದರೆಂದುಕೊಳ್ಳಿ, ಒಟ್ಟು 90,000. ಗಂಟೆಗೆ ಮೂವತ್ತು ಆಟ, ಆಟಕ್ಕೆ ಸರಾಸರಿ 2,000 ರೂಪಾಯಿಯ ರಾಶಿ, ಒಡೆಯನಿಗೆ ನೂರಕ್ಕೆ ಐದು. ಆಟವೊಂದಕ್ಕೆ 100, ಗಂಟೆಗೆ 3,000. ಆರು ಗಂಟೆ ಕೂತರೆ 18,000 ಮೇಜು ಬಿಟ್ಟು ಹೋಯಿತು. ಉಳಿದ 72,000ಕ್ಕೆ ಒಂಬತ್ತು ಜಾಣರ ಕಾದಾಟ!

ನಮ್ಮ ಹೆಂಗಸರ ಚೀಟಿಯನ್ನು ಹಂಗಿಸುವ ಗಂಡಸರು ಇದನ್ನು ಕೇಳಬೇಕು. ಇಪ್ಪತ್ತು ಜನ ಚೀಟಿ ಹಾಕಿದರೆ ಇಪ್ಪತ್ತು ಜನಕ್ಕೂ ಒಂದೊಂದು ತಿಂಗಳು ಗಂಟು ಬರುತ್ತದೆ. ನಡೆಸುವವಳು ಕಮಿಷನ್ನು ಹಿಡಿದುಕೊಂಡರೂ ಒಬ್ಬಳ ಗಂಟಿಗಾಗಿ ಇನ್ನೊಬ್ಬಳು ಬರಿಗೈಯಲ್ಲಿ ಮನೆಗೆ ಹೋಗಬೇಕೆಂಬ ನಿಯಮವಿಲ್ಲ.

ಕೋರ್ಟಿನ ಮಾತಿಗೆ ಬರೋಣ. 1967ರಲ್ಲಿ ಸುಪ್ರೀಂ ಕೋರ್ಟು, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದಿತು. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ತೀರ್ಪಿನಲ್ಲಿ, ಪಣವಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಒಡೆಯ ಲಾಭ ಮಾಡಿಕೊಳ್ಳುತ್ತಿದ್ದಾನೆಂಬುದಕ್ಕೆ ಸಾಕ್ಷ್ಯ ಸಿಕ್ಕರೆ ಅಪರಾಧ ಸಾಬೀತಾಗಬಹುದು ಎಂಬ ಮಾತೂ ಇದೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ! 2013ರಲ್ಲಿ ನಮ್ಮ ಹೈಕೋರ್ಟು, ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದಿತು. 2017ರಲ್ಲಿ ಗುಜರಾತಿನ ಹೈಕೋರ್ಟು ಅದೇ ಪೋಕರನ್ನು ಜೂಜೆಂದಿತು. ಎಲೆ ಅದೇ ಐವತ್ತೆರಡು, ರಾಜ್ಯದ ಗಡಿ ದಾಟಿದರೆ ಕೌಶಲ ಜೂಜಾಗುತ್ತದೆ. 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಲು ಪೊಲೀಸ್ ಕಾಯ್ದೆ ತಿದ್ದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ, ಕೌಶಲವೋ ಅದೃಷ್ಟವೋ ಎಂದು ಕೇಳದೆ, ಆನ್‌ಲೈನ್ ಹಣದಾಟಗಳಿಗೆ ನಿಷೇಧದ ಕಾಯ್ದೆ ಮಾಡಿತು. ಅದು ಫೋನಿನ ಪರದೆಗೆ ಸಂಬಂಧಿಸಿದ್ದು. ಎದುರುಬದುರು ಕೂತು ಆಡುವ ಮೇಜಿಗೆ ಬೇರೆ ಮಾತು.

ಪಕ್ಕದ ಗೋವಾವನ್ನೂ ನೋಡಿ. ಮಾಂಡೋವಿ ನದಿಯ ಮೇಲೆ ತೇಲುವ ಕ್ಯಾಸಿನೋಗಳಿಗೆ ನಮ್ಮ ಕಡೆಯಿಂದ ಕಾರು ಕಟ್ಟಿಕೊಂಡು ಹೋಗುವವರಿದ್ದಾರೆ. ಆದರೆ ಗೋವಾ ಸರ್ಕಾರ 2020ರ ಫೆಬ್ರವರಿಯಿಂದ ತನ್ನ ನಾಡಿನವರು ಅಲ್ಲಿ ಜೂಜಾಡಲು ಹೋಗಬಾರದೆಂದು ನಿಯಮ ಮಾಡಿತು. ತನ್ನ ಮಕ್ಕಳಿಗೆ ಬೇಡವಾದದ್ದನ್ನು ನೆರೆಯವರ ಮಕ್ಕಳಿಗೆ ಬಡಿಸುವ ಔದಾರ್ಯ!

ಇಷ್ಟೆಲ್ಲ ತೀರ್ಪು, ಕಾಯ್ದೆಗಳ ನಡುವೆ ಮತ್ತೆ ಮತ್ತೆ ಎದ್ದದ್ದು ಒಂದೇ ಪ್ರಶ್ನೆ: ಕೌಶಲವೋ, ಅದೃಷ್ಟವೋ? ನಮ್ಮ ಪ್ರಶ್ನೆ ಅದಲ್ಲ. ನಮ್ಮ ಪ್ರಶ್ನೆ ಬಹಳ ಹಳೆಯದು, ಅದನ್ನು ಕೇಳಿದವಳು ದ್ರೌಪದಿ. ಹಸ್ತಿನಾವತಿಯ ಸಭೆಯಲ್ಲಿ ಕೌಶಲಕ್ಕೇನೂ ಕೊರತೆಯಿರಲಿಲ್ಲ. ಶಕುನಿಯಷ್ಟು ಕುಶಲ ಯಾರಿದ್ದ? ಧರ್ಮರಾಯನಿಗೆ ಆಟದ ಮೇಲೆ ಪ್ರೀತಿಯಿದೆ, ಆಡಲು ಬರುವುದಿಲ್ಲ ಎಂದು ಅಳೆದೇ ಅವನನ್ನು ಕರೆಸಲಾಯಿತು. ದ್ರೌಪದಿ ದಾಳದ ಗುಣ ಕೇಳಲಿಲ್ಲ, ಎಸೆದವನ ಕೈಚಳಕ ಕೇಳಲಿಲ್ಲ. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿಂದ ಬಂತು ಎಂದು ಕೇಳಿದಳು. ಭೀಷ್ಮರೇ ತಡವರಿಸಿದರು. ಪಣ ಯಾರದು ಎಂಬ ಆ ಪ್ರಶ್ನೆಗೆ ಇವತ್ತಿನ ಸಭೆಗಳೂ ತಡವರಿಸುತ್ತಿವೆ.

"ದುಡಿದು ತಂದವನು ನಾನು, ನನ್ನ ದುಡ್ಡು" ಎನ್ನುವವರಿದ್ದಾರೆ. ಅವನು ದುಡಿಯಲು ಹೋಗುವಂತೆ ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿದವಳದು ಯಾವ ಲೆಕ್ಕಕ್ಕೆ ಜಮಾ? ಬಹಳ ಮನೆಗಳಲ್ಲಿ ಅವಳೂ ದುಡಿಯುತ್ತಾಳಲ್ಲ! "ಷೇರುಪೇಟೆಯೂ ಜೂಜೇ ಅಲ್ಲವೆ?" ಎನ್ನುವವರೂ ಇದ್ದಾರೆ. ದುಡುಕಿ ಮಾಡಿದರೆ ಅದೂ ಮನೆ ಹಾಳೇ. ಆದರೆ ಕಂಪನಿಯೊಂದು ಬೆಳೆದರೆ ಪಾಲುದಾರರೆಲ್ಲರಿಗೂ ಲಾಭವಾಗಬಹುದು. ಪೋಕರಿನ ಮೇಜಿನಲ್ಲಿ ಹೊಸದಾಗಿ ಒಂದು ಪೈಸೆಯೂ ಹುಟ್ಟುವುದಿಲ್ಲ. ಒಬ್ಬನ ಜೇಬು ಇನ್ನೊಬ್ಬನದಕ್ಕೆ ಸುರಿಯುತ್ತದೆ, ನಡುವೆ ಒಡೆಯನ ಸೋರುಮಡಕೆ.

ಹಾಗೆಂದು ಎಲೆ ಮುಟ್ಟಿದವರೆಲ್ಲ ಪಾಪಿಗಳೆಂದು ನಾನು ಹೇಳಲಾರೆ. ಯುಗಾದಿಯ ದಿನ ಅಣ್ಣತಮ್ಮಂದಿರು, ನಾದಿನಿಯರು ಕೂತು ಚಿಲ್ಲರೆ ಕಾಸಿಗೆ ಎಲೆ ಹಾಕುವ ಮನೆಗಳಲ್ಲಿ ನಗೆಯೇ ಹೆಚ್ಚು. ಮನೆಯ ಖರ್ಚೆಲ್ಲ ಕಳೆದು ಮಿಕ್ಕಿದ್ದರಲ್ಲಿ, ಇಷ್ಟು ಹೋದರೆ ಹೋಗಲಿ ಎಂದು ಹೆಂಡತಿಗೆ ಹೇಳಿಯೇ ಆಡುವವನಿದ್ದರೆ ಆಡಲಿ, ಸಿನಿಮಾ ನೋಡಿದಂತೆ ಅದೂ ಒಂದು ಖರ್ಚು. ನನ್ನ ತಕರಾರು ಖರ್ಚನ್ನು ಸಂಪಾದನೆ ಎಂದು ಕರೆಯುವುದರ ಬಗ್ಗೆ, ಚಟಕ್ಕೆ ವಿದ್ಯೆಯ ಶಾಲು ಹೊದಿಸುವುದರ ಬಗ್ಗೆ.

ವಿದ್ಯೆಯೇ ಆದರೆ ಅದಕ್ಕೊಂದು ಪರೀಕ್ಷೆಯಿರಬೇಕು. ದರ್ಜಿಯ ಕೌಶಲ ಹೊಲಿದ ರವಿಕೆಯಲ್ಲಿ ಕಾಣುತ್ತದೆ, ಅಡುಗೆಭಟ್ಟರದು ಪಂಕ್ತಿಯಲ್ಲಿ. ಪೋಕರು ಆಡುವವನ ಕೌಶಲ ಕಾಣಬೇಕಾದದ್ದು ಲೆಕ್ಕದಲ್ಲಿ. ಗೆದ್ದ ರಾತ್ರಿಯ ಮಾತು ಇಡೀ ಬೀದಿಗೆ ಕೇಳುತ್ತದೆ, ಸೋತ ರಾತ್ರಿ ಬಾಯಿಗೆ ಬೀಗ. ನಾವು ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನವೂ ಬರೆಯುತ್ತೇವೆ. ಅದರ ಪಕ್ಕದಲ್ಲಿ ಅವನೂ ಬರೆಯಲಿ: ಯಾವ ದಿನ, ಎಷ್ಟು ಗಂಟೆ, ಒಯ್ದದ್ದೆಷ್ಟು, ನಡುವೆ ಫೋನಿನಿಂದ ತೆಗೆದದ್ದೆಷ್ಟು, ಮನೆಗೆ ತಂದದ್ದೆಷ್ಟು. ಹೀಗೆ ಒಂದು ವರ್ಷ, ಒಂದು ದಿನವೂ ಬಿಡದಂತೆ.

ಮುಂದಿನ ಸಲ "ಇದು ಕೌಶಲದ ಆಟ ಕಣೇ" ಎಂದಾಗ ಕೂಗಾಡಬೇಡಿ, ಅಳಲೂಬೇಡಿ. "ಸರಿ, ಲೆಕ್ಕ ತೋರಿಸಿ" ಎಂದು ಪೆನ್ಸಿಲು ಕೈಗೆ ಕೊಡಿ.